ಸಕ್ಕರೆ ಕಾಯಿಲೆಯ ಹುಣ್ಣು: ಜೆಲ್ ಹಚ್ಚುವ ಮುನ್ನ...

ಅಂಗಾಲಿನಲ್ಲೊಂದು ಪುಟ್ಟ ಬೊಬ್ಬೆ. ನೋವಿಲ್ಲ, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಅದೇ ಹುಣ್ಣಾಗಿ, ‘ಬೆರಳು ತೆಗೆಯಬೇಕಾಗಬಹುದು’ ಎಂದು ವೈದ್ಯರು ಹೇಳಿದಾಗ ಮನೆಮಂದಿಯೆಲ್ಲ ಕಂಗಾಲು! ನಿಮ್ಮ ಮನೆಯಲ್ಲೂ ಸಕ್ಕರೆ ಕಾಯಿಲೆಯವರಿದ್ದರೆ ಅವರ ಪಾದದ ಮೇಲೆ ಒಂದು ಕಣ್ಣಿಡಿ.

ನಮ್ಮ ಹಾರೋಹಳ್ಳಿ ಕಡೆ ಹಿಪ್ಪುನೇರಳೆ ತೋಟಕ್ಕೂ ಕೊಟ್ಟಿಗೆಗೂ ಬರಿಗಾಲಲ್ಲೇ ಓಡಾಡಿದ ಹಿರಿಯರು, ಬೆಂಗಳೂರಿಗೆ ಬಂದ ಮೇಲೂ ಚಪ್ಪಲಿ ಅಂದರೆ ಮೂಗು ಮುರಿಯುತ್ತಾರೆ. ದೇವಸ್ಥಾನದ ಕಾದ ಕಲ್ಲಿನ ಮೇಲೆ ಪ್ರದಕ್ಷಿಣೆ ಬೇರೆ. ಕಾಯಿಲೆಯಿಂದ ಪಾದದ ನರ ಜೋಮು ಹಿಡಿದಿದ್ದರೆ ಸುಟ್ಟಿದ್ದೂ ಗೊತ್ತಾಗಲ್ಲ, ಮುಳ್ಳು ಚುಚ್ಚಿದ್ದೂ ಗೊತ್ತಾಗಲ್ಲ.

ಇಂಥ ಹುಣ್ಣಿಗೆ ಈಗ ‘ಗ್ರೋತ್ ಫ್ಯಾಕ್ಟರ್’ ಜೆಲ್ ಸಿಗುತ್ತದೆ. ಏನಿದು? ಗಾಯವಾದಾಗ ‘ಹೊಸ ಚರ್ಮ ಕಟ್ಟಿರಿ’ ಎಂದು ಜೀವಕೋಶಗಳಿಗೆ ಸುದ್ದಿ ಮುಟ್ಟಿಸುವ ಪ್ರೋಟೀನುಗಳು ನಮ್ಮ ದೇಹದಲ್ಲೇ ಇವೆ. ಅವುಗಳಲ್ಲೊಂದನ್ನು ಸ್ಟ್ಯಾನ್ಲಿ ಕೋಹೆನ್ ಎಂಬ ವಿಜ್ಞಾನಿ ಇಲಿಯ ಜೊಲ್ಲುಗ್ರಂಥಿಯಲ್ಲಿ ಪತ್ತೆ ಮಾಡಿದರು. 1986ರ ನೊಬೆಲ್ ಪ್ರಶಸ್ತಿಯನ್ನು ರೀಟಾ ಲೆವಿ ಮೊಂಟಾಲ್ಚಿನಿ ಅವರೊಂದಿಗೆ ಹಂಚಿಕೊಂಡರು. (ಹಾಗಂತ ಗಾಯಕ್ಕೆ ಎಂಜಲು ಹಚ್ಚಬೇಡಿ ಮತ್ತೆ!) ಹಳೇ ಹುಣ್ಣಿನಲ್ಲಿ ಈ ಪ್ರೋಟೀನುಗಳು ಬೇಗ ನಾಶವಾಗುತ್ತವೆ. ಜೆಲ್ ಆ ಕೊರತೆ ತುಂಬುತ್ತದೆ. ಅಮೆರಿಕದಲ್ಲಿ 1997ರಲ್ಲಿ ‘ರೆಗ್ರಾನೆಕ್ಸ್’ಗೆ ಅನುಮತಿ ಸಿಕ್ಕಿತು. ನಮ್ಮಲ್ಲಿ ಹೈದರಾಬಾದಿನ ಭಾರತ್ ಬಯೋಟೆಕ್ ‘ರೀಜೆನ್-ಡಿ’ ತಂದಿತು.

ಆದರೆ ಇದು ಮಂತ್ರದ ಮುಲಾಮಲ್ಲ. ರೆಗ್ರಾನೆಕ್ಸ್ ಕುರಿತು 1998ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, 20 ವಾರದೊಳಗೆ ಹುಣ್ಣು ಪೂರ್ತಿ ಮುಚ್ಚಿದ್ದು ಶೇ 50 ಮಂದಿಗೆ. ಔಷಧವಿಲ್ಲದ ಬರೀ ಜೆಲ್ ಹಚ್ಚಿಕೊಂಡವರಲ್ಲೂ ಶೇ 35 ಮಂದಿಗೆ ವಾಸಿಯಾಗಿತ್ತು. ಯಾಕೆಂದರೆ ಎರಡೂ ಗುಂಪಿಗೆ ಗಾಯದ ಆರೈಕೆ ಸರಿಯಾಗಿ ನಡೆದಿತ್ತು. ನಾವು ಗಮನಿಸಬೇಕಾದ್ದು ಅದನ್ನೇ.

ಕೊಳೆತ ಚರ್ಮವನ್ನು ವೈದ್ಯರು ಕತ್ತರಿಸಿ ತೆಗೆಯಬೇಕು, ಜೆಲ್ ಜೀವಂತ ಮಾಂಸಕ್ಕೇ ತಾಗಬೇಕು. ಸೋಂಕು ಹತೋಟಿಗೆ ಬರಬೇಕು, ಪಾದಕ್ಕೆ ರಕ್ತ ಹರಿಯುತ್ತಿದೆಯೇ ಎಂದು ಪರೀಕ್ಷಿಸಬೇಕು, ಸಕ್ಕರೆ ಇಳಿಯಬೇಕು. ಎಲ್ಲಕ್ಕಿಂತ ಕಷ್ಟ ಯಾವುದು ಗೊತ್ತೇ? ಆ ಪಾದದ ಮೇಲೆ ಭಾರ ಬಿಡದಿರುವುದು. ಬೆಳಿಗ್ಗೆ ಜೆಲ್ ಹಚ್ಚಿಕೊಂಡು, ಮಧ್ಯಾಹ್ನ ಅದೇ ಕಾಲಲ್ಲಿ ನಿಂತು ಮುದ್ದೆ ತಿರುವಿದರೆ ಹುಣ್ಣು ಮಾಯೋದು ಹೇಗೆ? ಅದರಲ್ಲೂ ಹೆಂಗಸರಿಗೆ ‘ಕೂತ್ಕೊಳ್ಳಿ’ ಅನ್ನೋರು ಯಾರು? ಸೊಸೆಯಂದಿರೇ, ಗಂಡಸರೇ, ಆ ಕೆಲಸ ನೀವು ಹಂಚಿಕೊಳ್ಳಿ. ಭಾರ ತಪ್ಪಿಸುವ ವಿಶೇಷ ಪಾದರಕ್ಷೆ, ಪಟ್ಟುಗಳೂ ಇವೆ, ಕೇಳಿ ಪಡೆಯಿರಿ.

ಜೆಲ್ಲನ್ನು ಅಂಗಡಿಯಿಂದ ನೀವೇ ತಂದು ಹಚ್ಚಬೇಡಿ. ಹುಣ್ಣಿನ ಜಾಗದಲ್ಲಿ ಕ್ಯಾನ್ಸರ್ ಗಡ್ಡೆ ಇದ್ದರೆ ಇದು ನಿಷಿದ್ಧ. ಎಷ್ಟು, ದಿನಕ್ಕೆಷ್ಟು ಸಲ ಎಂಬುದು ಔಷಧದಿಂದ ಔಷಧಕ್ಕೆ ಬೇರೆ. ಫ್ರಿಜ್ಜಿನಲ್ಲಿಡಿ, ಆದರೆ ಫ್ರೀಜರಿನಲ್ಲಲ್ಲ. ಅರಿಸಿನ, ಕಾಫಿಪುಡಿ, ಟೂತ್‌ಪೇಸ್ಟ್ ಹಾಕುವುದು, ಬಿಸಿನೀರಲ್ಲಿ ಕಾಲು ಅದ್ದುವುದು, ಆಣಿಯನ್ನು ಬ್ಲೇಡಿನಿಂದ ಕೆತ್ತುವುದು ಬೇಡವೇ ಬೇಡ.

ಪಾದ ಕಪ್ಪಾದರೆ, ವಾಸನೆ ಬಂದರೆ, ಕೆಂಪು ಮೇಲಕ್ಕೇರಿದರೆ ಅಥವಾ ಜ್ವರ ಬಂದರೆ ಅವತ್ತೇ ಆಸ್ಪತ್ರೆಗೆ ಹೊರಡಿ. ಹಾರೋಹಳ್ಳಿ ಸುತ್ತಲಿನವರಿಗೆ ದೇವರಕಗ್ಗಲಹಳ್ಳಿಯಲ್ಲಿ ಚಂದ್ರಮ್ಮ ದಯಾನಂದ ಸಾಗರ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಬೆಂಗಳೂರಿನ ಜಯನಗರದಲ್ಲಿರುವ ಸರ್ಕಾರಿ ಮಧುಮೇಹ ಸಂಸ್ಥೆಯಲ್ಲಿ ಪಾದಕ್ಕೆಂದೇ ವಿಭಾಗವಿದೆ. ಹೋಗುವಾಗ ಅವರು ದಿನಾ ಹಾಕುವ ಚಪ್ಪಲಿಯನ್ನೂ ಜೊತೆಗೆ ಒಯ್ಯಿರಿ. ಎಷ್ಟೋ ಸಲ ಹುಣ್ಣಿಗೆ ಕಾರಣ ಅದರಲ್ಲೇ ಸಿಗುತ್ತದೆ.