ಗೋಡೆಗೆ ಕಿವಿಯಿಲ್ಲ, ಇರೋದು ಬಾಗಿಲ ಕೆಳಗೆ

ಒಂದು ಮೈಕ್, ಒಂದು ಲ್ಯಾಪ್‌ಟಾಪ್, ಹತ್ತಕ್ಕೆ ಹತ್ತರ ಒಂದು ಬಾಡಿಗೆ ಕೋಣೆ. ಬೆಂಗಳೂರಿನಲ್ಲಿ ಈಗ ಚಾನೆಲ್ ಶುರು ಮಾಡೋಕೆ ಇಷ್ಟು ಸಾಕು. ಟಿವಿ ಸ್ಟುಡಿಯೋಗಳು ಕರೆಯದ ಪೌರಕಾರ್ಮಿಕರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಡೆಲಿವರಿ ಹುಡುಗರು ಮಾತಾಡೋದು ಇಂಥ ಕೋಣೆಗಳಲ್ಲೇ. ಅವರಲ್ಲಿ ಕೆಲವರು "ನನ್ನ ಹೆಸರು ಹಾಕ್ಬೇಡಿ" ಅಂತ ಕೇಳಿಕೊಂಡೇ ಬಂದಿರುತ್ತಾರೆ. ನಾವು ಎಡಿಟಿಂಗ್‌ನಲ್ಲಿ ದನಿ ಬದಲಿಸ್ತೀವಿ, ಮುಖ ಮಸುಕು ಮಾಡ್ತೀವಿ. ಆದರೆ ಅವರು ಹೇಳಿದ್ದೆಲ್ಲ ಹಾಲ್‌ನಲ್ಲಿ ಕೂತಿದ್ದ ರೂಮ್‌ಮೇಟ್‌ನ ಗೆಳೆಯರಿಗೆ, ಮೆಟ್ಟಿಲ ಮೇಲೆ ನಿಂತಿದ್ದ ಓನರ್‌ಗೆ ಆಗಲೇ ಕೇಳಿಸಿದ್ದರೆ?

ಹಾಗಾಗಿ ಬಾಡಿಗೆ ಮನೆಯ ಬಾಗಿಲಿನ ಬಗ್ಗೆ ಸ್ವಲ್ಪ ಎಂಜಿನಿಯರಿಂಗ್ ಮಾತಾಡೋಣ. ಗೋಡೆ ಒಡೆಯದೆ, ಮೊಳೆ ಹೊಡೆಯದೆ, ಅಡ್ವಾನ್ಸ್ ಕಳೆದುಕೊಳ್ಳದೆ ಏನು ಸಾಧ್ಯ ಅಂತ.

ಮೊದಲು ಒಂದು ತಪ್ಪು ನಂಬಿಕೆ. ಸ್ಟುಡಿಯೋ ಅಂದ ಕೂಡಲೇ ಎಲ್ಲರೂ ಕೊಳ್ಳೋದು ಮುಳ್ಳುಮುಳ್ಳಾದ ಕಪ್ಪು ಫೋಮ್. ದುಡ್ಡಿಲ್ಲದವರು ಮೊಟ್ಟೆ ಟ್ರೇ ಅಂಟಿಸ್ತಾರೆ. ಫೋಮ್ ಮಾಡೋ ಕೆಲಸ ಕೋಣೆಯೊಳಗಿನ ಪ್ರತಿಧ್ವನಿ ತಗ್ಗಿಸೋದು. ಅದರಿಂದ ರೆಕಾರ್ಡಿಂಗ್ ಚೆನ್ನಾಗಿ ಬರುತ್ತೆ, ನಿಜ. ಆದರೆ ಸದ್ದು ಹೊರಗೆ ಹೋಗೋದನ್ನು ಅದು ತಡೆಯಲ್ಲ. ಫೋಮ್ ಮೂಲಕ ಊದಿದರೆ ಗಾಳಿ ದಾಟುತ್ತೆ. ಗಾಳಿ ದಾಟುವ ಕಡೆ ಸದ್ದೂ ದಾಟುತ್ತೆ. ಮೊಟ್ಟೆ ಟ್ರೇ ಅಂತೂ ಎರಡಕ್ಕೂ ಉಪಯೋಗವಿಲ್ಲ. ತಡೆಯೋಕೆ ಬೇಕಾದ್ದು ಎರಡೇ: ಗಾಳಿಯಾಡದಂತೆ ಮುಚ್ಚಿರಬೇಕು, ಮುಚ್ಚಿದ್ದು ಭಾರವಾಗಿರಬೇಕು. ಇದರಲ್ಲಿ ಮೊದಲನೆಯದು ಎಷ್ಟು ದೊಡ್ಡದು ಅಂತ ಲೆಕ್ಕ ಹಾಕಿದರೆ ಆಶ್ಚರ್ಯ ಆಗುತ್ತೆ.

ಬಾಗಿಲು 90 ಸೆಂಟಿಮೀಟರ್ ಅಗಲ, 210 ಸೆಂಟಿಮೀಟರ್ ಎತ್ತರ ಅಂದುಕೊಳ್ಳಿ. ಒಳಗೆ ಗಟ್ಟಿ ಇರುವ ಒಳ್ಳೆಯ ಫ್ಲಷ್ ಡೋರ್; ಅದು ಸದ್ದನ್ನು 30 ಡೆಸಿಬಲ್ ತಗ್ಗಿಸುತ್ತೆ ಅನ್ನೋಣ. ಡೆಸಿಬಲ್ ಭಾಷೆಯಲ್ಲಿ 10 ಅಂದರೆ ಶಕ್ತಿ ಹತ್ತನೇ ಒಂದು ಪಾಲು, 30 ಅಂದರೆ ಸಾವಿರದ ಒಂದು ಪಾಲು. ಅಂದರೆ ಬಾಗಿಲಿಗೆ ಬಡಿದ ಸದ್ದಿನಲ್ಲಿ ಸಾವಿರಕ್ಕೆ ಒಂದು ಭಾಗ ಮಾತ್ರ ಆಚೆ ಹೋಗುತ್ತೆ. ಈಗ ಬಾಗಿಲ ಕೆಳಗೆ ನೋಡಿ. ನೆಲಕ್ಕೂ ಬಾಗಿಲಿಗೂ ನಡುವೆ 1 ಸೆಂಟಿಮೀಟರ್ ಸಂದಿ. ಅದರ ವಿಸ್ತೀರ್ಣ 90 ಚದರ ಸೆಂಟಿಮೀಟರ್, ಇಡೀ ಬಾಗಿಲಿನ 210ನೇ ಒಂದು ಭಾಗ. ಆ ಸಂದಿಗೆ ಬಂದ ಸದ್ದು ಪೂರ್ತಿ ಆಚೆ ಹೋಗುತ್ತೆ ಅಂತಿಟ್ಟುಕೊಂಡರೆ, ಸಾವಿರಕ್ಕೆ ಸುಮಾರು 4.8 ಭಾಗ. ಇಡೀ ಬಾಗಿಲು ಬಿಡೋದು 1, ಬೆರಳಗಲದ ಸಂದಿ ಬಿಡೋದು 4.8! ಎರಡೂ ಸೇರಿ ನಿಮ್ಮ 30 ಡೆಸಿಬಲ್ ಬಾಗಿಲು ಸುಮಾರು 22ಕ್ಕೆ ಇಳಿಯಿತು.

ಇದು ಸಾಲದು ಅಂತ ದುಡ್ಡು ಸುರಿದು 40 ಡೆಸಿಬಲ್ ತಡೆಯುವ ದುಬಾರಿ ಬಾಗಿಲು ಹಾಕಿಸಿ, ಸಂದಿ ಹಾಗೇ ಬಿಟ್ಟರೆ? ಒಟ್ಟು ಫಲ 23. ಲಾಭ ಒಂದು ಡೆಸಿಬಲ್ಲೂ ಇಲ್ಲ. ಅದೇ ಹಳೇ ಬಾಗಿಲು ಇಟ್ಟುಕೊಂಡು ಸಂದಿಯನ್ನು 1 ಮಿಲಿಮೀಟರಿಗೆ ಇಳಿಸಿದರೆ 28. ಹತ್ತು ಡೆಸಿಬಲ್ ತಗ್ಗಿದರೆ ಕಿವಿಗೆ ಸದ್ದು ಅರ್ಧವಾದಂತೆ ಅನಿಸುತ್ತೆ. ಅದರ ಅರ್ಧದಷ್ಟು ದಾರಿಯನ್ನು ಕೆಲವು ನೂರು ರೂಪಾಯಿಯ ರಬ್ಬರ್ ಕ್ರಮಿಸುತ್ತೆ. ಕಾಗದದ ಲೆಕ್ಕ ಇದು, ಮನೆಯಲ್ಲಿ ಅಂಕಿ ಸ್ವಲ್ಪ ಆಚೀಚೆ ಆಗುತ್ತೆ. ಆದರೆ ದುಡ್ಡನ್ನು ಮೊದಲು ಎಲ್ಲಿ ಹಾಕಬೇಕು ಅನ್ನೋದು ಬದಲಾಗಲ್ಲ.

ನಮ್ಮ ಅಜ್ಜಿ ಮನೆಗಳಲ್ಲಿ ಈ ಸಮಸ್ಯೆ ಇಷ್ಟಿರಲಿಲ್ಲ, ಯಾಕಂದ್ರೆ ಅಲ್ಲಿ ಹೊಸ್ತಿಲಿತ್ತು. ಬಾಗಿಲವಾಡಕ್ಕೆ ನಾಲ್ಕೂ ಕಡೆ ಮರ. ಫ್ಲಾಟುಗಳ ಒಳಕೋಣೆಗೆ ಮೂರೇ ಕಡೆ, ನಾಲ್ಕನೆಯದು ಟೈಲ್ಸ್. ಪೂಜೆಗೆ ಅಂತ ಮುಂಬಾಗಿಲಿಗೆ ಮಾತ್ರ ಹೊಸ್ತಿಲು ಉಳಿಸಿಕೊಂಡಿದ್ದೀವಿ.

ಸಂದಿ ಹುಡುಕೋಕೆ ಮೀಟರ್ ಬೇಡ. ರಾತ್ರಿ ಕೋಣೆಯ ಲೈಟ್ ಆರಿಸಿ ಒಳಗೆ ಕೂತ್ಕೊಳ್ಳಿ, ಇನ್ನೊಬ್ಬರು ಆಚೆಯಿಂದ ಬಾಗಿಲಿನ ಸುತ್ತ ಮೊಬೈಲ್ ಟಾರ್ಚ್ ಹಿಡಿಯಲಿ. ಬೆಳಕು ಬಂದಲ್ಲೆಲ್ಲ ಸದ್ದು ಹೋಗುತ್ತೆ. ಬೆಳಕು ಕಾಣದ ಕಡೆ ಒಂದು ಹಾಳೆ ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆಯಿರಿ; ಸಲೀಸಾಗಿ ಬಂದರೆ ಅಲ್ಲೂ ಬಿಗಿಯಿಲ್ಲ. ಬಾಗಿಲ ಮೇಲೆ ವೆಂಟಿಲೇಟರ್ ಇದ್ದರೆ ಮೊದಲು ಅದನ್ನು ನೋಡಿ. ಅದು ತೆರೆದೇ ಇದ್ದರೆ ಕೆಳಗೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಮೂರು ಬದಿಗೆ, ಅಂದರೆ ಬಾಗಿಲು ಮುಚ್ಚಿದಾಗ ಬಂದು ತಾಗುವ ಬಾಗಿಲವಾಡದ ಅಂಚಿಗೆ, ಅಂಟಿರುವ ರಬ್ಬರ್ ಪಟ್ಟಿ ಹಾಕಿ. ಇಪಿಡಿಎಂ ಅಂತ ಕೇಳಿ; ಸ್ಪಂಜಿನ ಪಟ್ಟಿ ಅಗ್ಗ, ಆದರೆ ಬೇಗ ಚಪ್ಪಟೆಯಾಗಿ ಕೂರುತ್ತೆ. ಪಟ್ಟಿ ಒತ್ತಿಕೊಂಡರೆ ಮಾತ್ರ ಕೆಲಸ ಮಾಡೋದು. ಹಾಗಂತ ತೀರಾ ದಪ್ಪ ತಂದರೆ ಚಿಲಕ ಬೀಳಲ್ಲ. ಕೆಳಗಿನ ಸಂದಿಗೆ ಬಾಗಿಲಿನ ಎರಡೂ ಬದಿ ಹಿಡಿದುಕೊಳ್ಳುವ ಜೋಡಿ ಸುರುಳಿಯ ಸೀಲ್ ಸಿಗುತ್ತೆ. ಅದಕ್ಕೆ ಮೊಳೆ, ಸ್ಕ್ರೂ ಏನೂ ಬೇಡ. ರೆಕಾರ್ಡಿಂಗ್ ಹೊತ್ತಿಗೆ ಅದರ ಮೇಲೆ ಒದ್ದೆ ಮಾಡಿ ಹಿಂಡಿದ ದಪ್ಪ ಟವೆಲ್ ಸುತ್ತಿ ಒತ್ತಿಟ್ಟರೆ ಇನ್ನೂ ವಾಸಿ. ಮುಚ್ಚಿದ ಕೋಣೆಯಲ್ಲಿ ಮೂರು ಜನ ಎರಡು ಗಂಟೆ ಕೂತರೆ ಗಾಳಿ ಕೆಡುತ್ತೆ, ತಲೆನೋವು ಬರುತ್ತೆ. ಅರ್ಧ ಗಂಟೆಗೊಮ್ಮೆ ತೆಗೆದು ಗಾಳಿಯಾಡಿಸಿ.

ಭಾರದ ಮಾತು ಆಮೇಲೆ. ಮಾರ್ಕೆಟ್‌ನಲ್ಲಿ ಭಾರದ ವಿನೈಲ್ ಶೀಟ್ ಮಾರ್ತಾರೆ, ಚದರ ಮೀಟರಿಗೆ ಸುಮಾರು 5 ಕೆಜಿ. ತೂಕ ಎರಡರಷ್ಟಾದರೆ ಹೆಚ್ಚೆಂದರೆ 6 ಡೆಸಿಬಲ್ ಲಾಭ ಅನ್ನೋದು ಸಾಮಾನ್ಯ ನಿಯಮ. ಈಗಾಗಲೇ ಚದರ ಮೀಟರಿಗೆ 20 ಕೆಜಿ ತೂಗುವ ಬಾಗಿಲಿಗೆ ಇದನ್ನು ಹಾಕಿದರೆ ಸಿಗೋದು 2. ತಟ್ಟಿದರೆ ಡಬಡಬ ಅನ್ನುವ ಟೊಳ್ಳು ಬಾಗಿಲಾದರೆ ಯೋಚಿಸಬಹುದು, ಇಲ್ಲದಿದ್ದರೆ ನನ್ನ ಪ್ರಕಾರ ದಂಡ. ಅದರ ಬದಲು ಊರಿಂದ ಎರಡು ಕೌದಿ ತನ್ನಿ. ಪದರ ಪದರ ಹತ್ತಿಬಟ್ಟೆ ಹೊಲಿದ ಕೌದಿಯನ್ನು ಬಾಗಿಲಿಗಿಂತ ಅಗಲವಾಗಿ, ನೆಲ ಮುಟ್ಟುವಂತೆ ಇಳಿಬಿಟ್ಟರೆ ತೀಕ್ಷ್ಣ ಸದ್ದು ಸಾಕಷ್ಟು ತಗ್ಗುತ್ತೆ. ಡೊಳ್ಳು, ಬೇಸ್ ಗಿಟಾರ್, ಸಬ್‌ವೂಫರ್‌ಗೆ ಇದ್ಯಾವುದೂ ಲೆಕ್ಕಕ್ಕಿಲ್ಲ. ಆ ತಗ್ಗು ಸದ್ದು ಬಾಗಿಲನ್ನೇ ನಡುಗಿಸಿ ಆಚೆ ಹೋಗುತ್ತೆ, ನೆಲದಲ್ಲೂ ಇಳಿಯುತ್ತೆ.

ಆದರೆ ನಮ್ಮ ಕೆಲಸ ಮಾತು. ಮಾತು ಅರ್ಥವಾಗೋದು ಮುಖ್ಯವಾಗಿ ವ್ಯಂಜನಗಳಿಂದ. ಸ, ಶ, ಚ, ತ ಇವುಗಳ ಗುರುತೆಲ್ಲ ತೀಕ್ಷ್ಣ ಸದ್ದಿನ ಭಾಗದಲ್ಲಿದೆ. ಅಷ್ಟನ್ನು ತಡೆದರೆ ಹೊರಗಿನವರಿಗೆ ಯಾರೋ ಗೊಣಗುತ್ತಿರೋದು ಕೇಳಿಸುತ್ತೆ, ಏನು ಅಂತ ಗೊತ್ತಾಗಲ್ಲ. ಇದರ ಮೇಲೆ ಬಾಗಿಲ ಆಚೆ ಒಂದು ಟೇಬಲ್ ಫ್ಯಾನ್ ಹಾಕಿಬಿಡಿ. ಅದರ ಸದ್ದಿನಲ್ಲಿ ಉಳಿದ ಗೊಣಗಾಟವೂ ಮುಳುಗುತ್ತೆ. ಹೆಸರು ಹೇಳಬಾರದವರ ಜೊತೆ ಕೂತಾಗ ದುಬಾರಿ ಬಾಗಿಲಿಗಿಂತ ಈ ಫ್ಯಾನ್ ಉಪಕಾರಿ.

ಇನ್ನೊಂದು, ಕಿರುಚಬೇಡಿ. ಮೈಕ್ 40 ಸೆಂಟಿಮೀಟರ್ ದೂರ ಇದ್ದದ್ದನ್ನು 10ಕ್ಕೆ ತಂದರೆ ಅದಕ್ಕೆ ನಿಮ್ಮ ದನಿ ಸುಮಾರು 12 ಡೆಸಿಬಲ್ ಜೋರಾಗಿ ಸಿಗುತ್ತೆ. ಅಷ್ಟು ಮೆಲ್ಲಗೆ ಮಾತಾಡಬಹುದು. ಟಿವಿ ಆಂಕರ್‌ಗಳನ್ನು ನೋಡಿ ಕಲಿತವರಿಗೆ ಇದೇ ಕಷ್ಟ.

ಇಷ್ಟೆಲ್ಲ ಸುತ್ತಿ ಬಳಸಿ ಮಾಡಬೇಕಾಗಿರೋದು ಮನೆ ನಮ್ಮದಲ್ಲ ಅನ್ನೋ ಕಾರಣಕ್ಕೆ. 11 ತಿಂಗಳ ಕರಾರು. ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಬೇಕಾಗುತ್ತೆ, ಅದಕ್ಕೇ ಈ 11. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡ ಅನ್ನುತ್ತೆ. ಅದು ಮಾದರಿ ಅಷ್ಟೇ; ಬೆಂಗಳೂರಿನ ಓನರ್ ಮುಂದೆ ಹೇಳಿ ನೋಡಿ. ಐದಾರು ತಿಂಗಳ ದುಡ್ಡು ಅವರ ಕೈಯಲ್ಲಿರುವಾಗ ಬಾಗಿಲಿನ ಒಂದು ಗೀರಿಗೂ ಬೆಲೆ ಇದೆ. ನಿಮ್ಮ ಪರವಾಗಿ ಇರೋದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್: ಮನೆಯನ್ನು ಕೊಟ್ಟ ಸ್ಥಿತಿಯಲ್ಲೇ ವಾಪಸ್ ಕೊಡಬೇಕು ಅನ್ನುವಾಗ ಸಹಜ ಸವೆತವನ್ನು ಅದು ಹೊರಗಿಟ್ಟಿದೆ.

ಅದಕ್ಕೇ ಪಟ್ಟಿ ಅಂಟಿಸುವ ಮುಂಚೆ ಬಾಗಿಲವಾಡದ ಫೋಟೋ ತೆಗೆದು ಓನರ್‌ಗೆ ವಾಟ್ಸಾಪ್ ಮಾಡಿ, "ಧೂಳು, ಸೊಳ್ಳೆಗೆ ರಬ್ಬರ್ ಹಾಕಿಸ್ತಿದ್ದೀನಿ ಸರ್, ಹೋಗುವಾಗ ತೆಗೀತೀನಿ" ಅಂತ. ಸುಳ್ಳಲ್ಲ, ಧೂಳು, ಸೊಳ್ಳೆಯೂ ನಿಲ್ಲುತ್ತೆ. ಪೇಂಟ್ ಹಳೆಯದಾಗಿದ್ದರೆ ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದಿಂಚು ಅಂಟಿಸಿ, ವಾರ ಬಿಟ್ಟು ಕಿತ್ತು ನೋಡಿ. ಮನೆ ಬಿಡುವ ದಿನ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ನಿಧಾನಕ್ಕೆ ಎಳೆಯಿರಿ. ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಹತ್ತು ನಿಮಿಷ ಬಿಟ್ಟು ಬಟ್ಟೆಯಿಂದ ಒರೆಸಿ.