ಯುದ್ಧವಿಲ್ಲದ ದಿನಗಳಲ್ಲಿ ಮಡಿದ ಯೋಧರ ಕುಟುಂಬಗಳಿಗೆ ಆಸರೆ

ಯುದ್ಧ ನಡೆಯದ ವರ್ಷಗಳಲ್ಲೂ ಭಾರತೀಯ ಸೇನೆಯ ಯೋಧರು ಸಾಯುತ್ತಾರೆ. ಹಿಮಕುಸಿತ, ವಾಹನ ಅಪಘಾತ, ತರಬೇತಿಯ ಅವಘಡ, ಎತ್ತರದ ಠಾಣೆಗಳಲ್ಲಿ ತಗಲುವ ಕಾಯಿಲೆ ಇದಕ್ಕೆ ಕಾರಣ. ಸಿಯಾಚಿನ್‌ನಲ್ಲಿ 2003ರ ನವೆಂಬರ್‌ನಿಂದ ಕದನವಿರಾಮವಿದೆ. ಆದರೂ 2016ರ ಫೆಬ್ರುವರಿ 3ರಂದು ಸುಮಾರು 19,600 ಅಡಿ ಎತ್ತರದ ಸೋನಮ್ ಠಾಣೆಯ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಹಿಮದಡಿ ದಿನಗಟ್ಟಲೆ ಸಿಲುಕಿಯೂ ಜೀವಂತವಾಗಿ ಸಿಕ್ಕ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ, ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು.

ಇಂಥ ಸಾವಿನ ನಂತರ ಮನೆಯವರಿಗೆ ಸಿಗುವ ನೆರವು, ಸಾವು ಯಾವ ವರ್ಗಕ್ಕೆ ಸೇರಿತು ಎಂಬುದನ್ನು ಅವಲಂಬಿಸಿದೆ. ಸೇವೆಗೆ ಸಂಬಂಧವಿಲ್ಲದ ಕಾರಣದಿಂದ ತೀರಿಕೊಂಡರೆ ಸಾಮಾನ್ಯ ಕುಟುಂಬ ಪಿಂಚಣಿ: ಮೊದಲ ಹತ್ತು ವರ್ಷ ಕೊನೆಯ ವೇತನದ ಶೇ 50, ಆಮೇಲೆ ಶೇ 30. ಸೇವೆಯೇ ಕಾರಣವಾದ ಕಾಯಿಲೆ ಅಥವಾ ಕರ್ತವ್ಯದ ವೇಳೆಯ ಅಪಘಾತವಾದರೆ ವಿಶೇಷ ಕುಟುಂಬ ಪಿಂಚಣಿ, ಶೇ 60. ಭಯೋತ್ಪಾದಕರ ದಾಳಿಯಲ್ಲೋ ಯುದ್ಧದಲ್ಲೋ ಮಡಿದರೆ ಕೊನೆಯ ವೇತನದಷ್ಟೇ ಪಿಂಚಣಿ ಬರುತ್ತದೆ. ಏಳನೇ ವೇತನ ಆಯೋಗದ ನಂತರ ಕೇಂದ್ರದ ಒಂದು ಬಾರಿಯ ಪರಿಹಾರಧನ, ಕರ್ತವ್ಯದ ವೇಳೆಯ ಅಪಘಾತಕ್ಕೆ 25 ಲಕ್ಷ, ನಿಗದಿತ ಅತಿ ಎತ್ತರದ ಠಾಣೆಗಳ ಸಾವಿಗೆ 35 ಲಕ್ಷ ರೂಪಾಯಿಗೆ ಏರಿತು.

ಹಾಗಾಗಿ ಸಾವಿನ ಕಾರಣ ಪರಿಶೀಲಿಸುವ ಸೇನೆಯ ವಿಚಾರಣಾ ಮಂಡಳಿ ಬರೆಯುವ ವರದಿ ಬಹಳ ಮುಖ್ಯ. ರಜೆಯಲ್ಲಿದ್ದಾಗ ಆದ ಹೃದಯಾಘಾತಕ್ಕೆ ಸೇವೆ ಕಾರಣವೇ ಎಂಬಂಥ ಪ್ರಶ್ನೆಗಳಲ್ಲೇ ತಕರಾರು ಹುಟ್ಟುವುದು. ತೀರ್ಮಾನ ಒಪ್ಪದವರು ಮೇಲ್ಮನವಿ ಸಲ್ಲಿಸಬಹುದು; ನಂತರ, 2009ರಲ್ಲಿ ಕೆಲಸ ಆರಂಭಿಸಿದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು. ಆದರೆ ಹಳ್ಳಿಯ ಎಳೆಯ ವಿಧವೆಗೆ ಆ ದಾರಿ ತೋರಿಸುವವರು ಬೇಕಲ್ಲ!

ತೊಡಕು ಅದಕ್ಕೂ ಮೊದಲೇ ಶುರುವಾಗುವುದುಂಟು. ಮದುವೆಯಾದದ್ದು, ಮಗು ಹುಟ್ಟಿದ್ದು ರೆಜಿಮೆಂಟಿನ ದಾಖಲೆಯಲ್ಲಿ ಸೇರಿರಬೇಕು. ಆಧಾರ್‌ನಲ್ಲಿ ಒಂದು ಹೆಸರು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನ್ನೊಂದು ಇದ್ದರೆ ಕಡತ ಅಲ್ಲೇ ನಿಲ್ಲುತ್ತದೆ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗಳು ಇರುವುದೇ ಇಂಥ ಗಂಟು ಬಿಡಿಸುವುದಕ್ಕೆ. ಡಿಸೆಂಬರ್ 7ರ ಧ್ವಜ ದಿನಾಚರಣೆಯಲ್ಲಿ ಸಂಗ್ರಹವಾಗುವ ಹಣವೂ ಇಂಥ ಕುಟುಂಬಗಳ ನೆರವಿಗೆ ಹೋಗುತ್ತದೆ. ಸೇನೆಯ ಸಮೂಹ ವಿಮೆಯ ಮೊತ್ತ ಬೇರೆ. ಮಾಜಿ ಸೈನಿಕರ ಆರೋಗ್ಯ ಯೋಜನೆಯಲ್ಲಿ ಚಿಕಿತ್ಸೆ ಸಿಗುತ್ತದೆ.

ಯೋಧರನ್ನು ಸೀಮಿತ ಅವಧಿಗೆ ನೇಮಿಸಿಕೊಳ್ಳಲು 2022ರಲ್ಲಿ ಬಂದ ಅಗ್ನಿಪಥ ಯೋಜನೆ ಈ ಚೌಕಟ್ಟಿನ ಹೊರಗಿದೆ. ಈ ಯೋಜನೆಯಡಿ ಸೇರಿ, ಸೇವೆಯ ಕಾರಣದಿಂದ ಮಡಿದ ಅಗ್ನಿವೀರನ ಮನೆಗೆ 48 ಲಕ್ಷದ ವಿಮೆ, 44 ಲಕ್ಷದ ಪರಿಹಾರಧನ, ಉಳಿದ ಅವಧಿಯ ವೇತನ ಸಿಗುತ್ತದೆ. ತಿಂಗಳ ಪಿಂಚಣಿ ಇಲ್ಲ. ಕೈಗೆ ಬಂದ ದೊಡ್ಡ ಮೊತ್ತ ಸಾಲ, ಮನೆ ರಿಪೇರಿ ಎಂದು ಕರಗುವುದು ಬೇಗ. ವಯಸ್ಸಾದ ತಂದೆತಾಯಿಗೆ ಬೇಕಾದದ್ದು ತಿಂಗಳ ಆದಾಯ, ಮತ್ತು ಅಗ್ನಿವೀರರ ಕುಟುಂಬಗಳಿಗೂ ಪಿಂಚಣಿ ಬೇಕೆಂಬ ಬೇಡಿಕೆ ನ್ಯಾಯವಾದದ್ದು.