ದುಡಿಯುವ ಕೈಗೆ ತಕ್ಕ ಉಂಗುರ

ಪಾಸ್ಖ ಹಬ್ಬ ಕಳೆದೊಡನೆ ನಮ್ಮ ಧರ್ಮಕೇಂದ್ರಗಳಲ್ಲಿ ವಿವಾಹ ಪ್ರಕಟಣೆಗಳು ಮೊದಲಾಗುತ್ತವೆ. ಮನೆಮನೆಗಳಲ್ಲಿ ನಿಶ್ಚಿತಾರ್ಥದ ಸಿದ್ಧತೆ, ಚಿನ್ನದಂಗಡಿಗಳಿಗೆ ಓಡಾಟ. ಉಂಗುರ ಎಷ್ಟು ಪವನಿನದು, ಕಲ್ಲು ಎಷ್ಟು ದೊಡ್ಡದು ಎಂಬ ಮಾತು ಬರುತ್ತದೆಯೇ ಹೊರತು, ಅದನ್ನು ಧರಿಸುವ ಕೈ ಯಾವ ಕೆಲಸ ಮಾಡುತ್ತದೆ ಎಂದು ವಿಚಾರಿಸುವವರು ವಿರಳ.

ನಮ್ಮ ಪರಿಚಯದ ಕುಟುಂಬವೊಂದರ ವರ ಲೇತ್ ಯಂತ್ರದಲ್ಲಿ ದುಡಿಯುವವನು. ವಧುವಿನ ಮನೆಯವರು ಪ್ರೀತಿಯಿಂದಲೇ ಎತ್ತರದ ಕಲ್ಲಿನ ಉಂಗುರ ತೊಡಿಸಿದರು. ತಿಂಗಳು ತುಂಬುವುದರೊಳಗೆ ಕಲ್ಲು ಎಲ್ಲಿಯೋ ಉದುರಿಹೋಯಿತು. ಅಪಶಕುನವೆಂದು ಹಿರಿಯರು ಕಳವಳಗೊಂಡರು. ಎರಡು ಮನೆಗಳ ನಡುವೆ ಬಿರುಸಿನ ಮಾತುಗಳೂ ನಡೆದವು. ಉಂಗುರವನ್ನು ಪರೀಕ್ಷಿಸಿದ ಅಕ್ಕಸಾಲಿಗರು ಹೇಳಿದ್ದಿಷ್ಟೆ: ಕಲ್ಲನ್ನು ಹಿಡಿದಿದ್ದ ಕೊಕ್ಕೆಗಳು ಉಜ್ಜಿ ಸವೆದಿವೆ, ಇದರಲ್ಲಿ ಶಕುನದ ಮಾತೇ ಇಲ್ಲ. ಅದೇ ಚಿನ್ನದಿಂದ ಕಲ್ಲಿಲ್ಲದ ಸಾದಾ ಉಂಗುರವೊಂದು ಸಿದ್ಧವಾಯಿತು, ಮದುವೆಯೂ ನೆರವೇರಿತು.

ಇಂತಹ ಮನಸ್ತಾಪವನ್ನು ಮೊದಲೇ ತಪ್ಪಿಸಬಹುದಲ್ಲವೇ? 22 ಕ್ಯಾರಟ್ಟಿನ ಆಭರಣದಲ್ಲಿ ನೂರಕ್ಕೆ 91.6 ಪಾಲು ಚಿನ್ನವಿರುತ್ತದೆ; ಅಪ್ಪಟ ಚಿನ್ನ ಮೃದುವಾದ್ದರಿಂದ ಅದು ಬೇಗನೆ ಬಾಗುತ್ತದೆ. 18 ಕ್ಯಾರಟ್ಟಿನಲ್ಲಿ ಚಿನ್ನ 75 ಪಾಲು. ಉಳಿದ ಲೋಹಗಳ ಬೆರಕೆ ಅದಕ್ಕೆ ಗಡಸುತನ ನೀಡುತ್ತದೆ. ಕಲ್ಲು ಬೇಕೇ ಬೇಕೆಂದಾದರೆ ಮುತ್ತು, ಪಚ್ಚೆಗಳನ್ನು ಬಿಟ್ಟು ವಜ್ರ, ಮಾಣಿಕ್ಯ ಅಥವಾ ನೀಲವನ್ನು ಆರಿಸುವುದು ಲೇಸು. ಗಡಸುತನದ ಅಳತೆಯಲ್ಲಿ ವಜ್ರಕ್ಕೆ 10, ಮಾಣಿಕ್ಯ ನೀಲಗಳಿಗೆ 9. ಮರಳಿನ ಕಣಕ್ಕೆ 7. ಮುತ್ತಿಗೆ 5 ಕೂಡ ಇಲ್ಲ. ಪಚ್ಚೆ ಮರಳಿಗಿಂತ ಗಡಸಾದರೂ ಪೆಟ್ಟು ಬಿದ್ದರೆ ಬಿರಿಯುತ್ತದೆ. ಕಲ್ಲು ಮೇಲೆದ್ದು ನಿಲ್ಲದೆ, ಸುತ್ತಲೂ ಚಿನ್ನದ ಅಂಚಿನೊಳಗೆ ತಗ್ಗಾಗಿ ಕುಳಿತಿರಲಿ. ಈಚೆಗೆ ಯುವಕರು ಮೆಚ್ಚುವ ಟಂಗ್‌ಸ್ಟನ್ ಕಾರ್ಬೈಡ್ ಉಂಗುರಕ್ಕೆ ಗೀರು ಬೀಳುವುದು ಅಪರೂಪ. ಆದರೆ ಬೆರಳು ದಪ್ಪವಾದರೆ ಅದನ್ನು ಹಿಗ್ಗಿಸಲಾಗದು, ಗಟ್ಟಿ ನೆಲಕ್ಕೆ ಬಿದ್ದರೆ ಒಡೆಯಲೂಬಹುದು. ದುಡಿಯುವವರ ಬೆರಳ ಗೆಣ್ಣು ದಪ್ಪವಾಗಿರುವುದರಿಂದ ಅಳತೆಯನ್ನು ಅಂದಾಜಿನಲ್ಲಿ ಕೊಡದೆ ಅವರನ್ನೇ ಅಂಗಡಿಗೆ ಕರೆದೊಯ್ಯಬೇಕು. ಹಾಲ್‌ಮಾರ್ಕ್ ಮುದ್ರೆಯನ್ನೂ, 2021ರಲ್ಲಿ ಜಾರಿಗೆ ಬಂದ ಆರು ಅಕ್ಷರ-ಅಂಕಿಗಳ ಗುರುತನ್ನೂ ನೋಡಿಯೇ ಕೊಳ್ಳಬೇಕು.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಉಂಗುರ ಎಷ್ಟೇ ಗಟ್ಟಿಯಾಗಿರಲಿ, ತಿರುಗುವ ಯಂತ್ರದ ಮುಂದೆ, ಏಣಿಯ ಮೇಲೆ, ವಿದ್ಯುತ್ ಕೆಲಸದಲ್ಲಿ ಅದನ್ನು ತೆಗೆದಿಡಲೇಬೇಕು. ಎಲ್ಲಿಯಾದರೂ ಸಿಕ್ಕಿಕೊಂಡ ಉಂಗುರ ಬೆರಳಿನ ಚರ್ಮವನ್ನೇ ಸುಲಿದುಬಿಡಬಲ್ಲದು. ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಸೇವೆ ಸಲ್ಲಿಸುವ ನಮ್ಮ ದಾದಿಯರೂ ಉಂಗುರ ಕಳಚಿಯೇ ಒಳಹೋಗುತ್ತಾರೆ. ಹಾಗೆ ತೆಗೆದಿಟ್ಟರೆ ಪ್ರೀತಿ ಕಡಿಮೆಯಾಯಿತೆಂದು ಯಾರೂ ತಿಳಿಯಬಾರದು. ಸರದಲ್ಲಿ ಪೋಣಿಸಿ ಎದೆಯ ಬಳಿ ಇಟ್ಟುಕೊಳ್ಳೋಣವೆಂದರೆ ಯಂತ್ರದ ಬಳಿ ಸರವೂ ಅಪಾಯವೇ. ಮನೆಯ ಪೀಠದ ಬಳಿ ಒಂದು ಪುಟ್ಟ ಡಬ್ಬಿಯಲ್ಲಿಟ್ಟು, ಸಂಜೆಯ ಜಪಸರಕ್ಕೆ ಕುಳಿತಾಗ ಧರಿಸಬಹುದು.

866ರಲ್ಲಿ ಪೋಪ್ ಒಂದನೆಯ ನಿಕೋಲಾಸರು ಬಲ್ಗೇರಿಯದವರಿಗೆ ಬರೆದ ಪತ್ರದಲ್ಲಿ ನಿಶ್ಚಿತಾರ್ಥದ ಉಂಗುರವನ್ನು ವಿಶ್ವಾಸದ ಗುರುತೆಂದು ವಿವರಿಸಿದ್ದಾರೆ. ಗುರುತನ್ನು ತೂಗುವುದು ತಕ್ಕಡಿಯಿಂದಲ್ಲ. 1955ರಲ್ಲಿ ಪೋಪ್ ಹನ್ನೆರಡನೆಯ ಪಿಯುಸರು ಮೇ 1ನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವೆಂದು ಸಾರಿ, ದುಡಿಯುವ ಕೈಗಳ ಘನತೆಯನ್ನು ಎತ್ತಿಹಿಡಿದರು. ಬಡಗಿಯ ಕೈಯನ್ನು ಗೌರವಿಸುವ ನಾವು, ನಮ್ಮ ಮಕ್ಕಳ ಕೈಗೆ ಉಂಗುರ ಆರಿಸುವಾಗ ನೆಂಟರ ಕಣ್ಣಿಗಿಂತ ಆ ಕೈಯ ದುಡಿಮೆಯನ್ನು ಮೊದಲು ನೋಡೋಣ.